ಚೀಟಿಯ ಕೊನೆಯ ಸಾಲು

ಭಾರತಿ, ಆ ಚೀಟಿಯಲ್ಲಿ ಕೊನೆಯ ಸಾಲು ಇತ್ತು. ನೀನು ಅದನ್ನು ಬರೆದಿದ್ದೆ, ಸರಿಯಾಗಿಯೇ ಬರೆದಿದ್ದೆ. ಇರಲಿಲ್ಲ ಎಂದವಳು ನಾನು — ಇತ್ತೆಂದು ಗೊತ್ತಿದ್ದೂ, ಹಾಗೆ ಹೇಳುವ ಹೊತ್ತಿಗೆ ಆ ಚೀಟಿ ನನ್ನ ಪರ್ಸಿನೊಳಗೇ ಇದ್ದೂ.

ನಾಲ್ಕು ವರ್ಷವಾಯಿತು. ಈ ಹಾಳೆಗಿಂತ ಮೊದಲು ನಾಲ್ಕು ಹಾಳೆ ಬರೆದು ಹರಿದೆ. ಒಂದನ್ನು ಉಷಾಳ ಸಾವಿನಿಂದ ಶುರು ಮಾಡಿದ್ದೆ, ಒಂದನ್ನು ನನ್ನ ಒಂಟಿತನದಿಂದ. ಎರಡು ಪ್ಯಾರಾ ಆಗುವಷ್ಟರಲ್ಲಿ ನಾನೇ ‘ಅಯ್ಯೋ ಪಾಪ’ ಎನಿಸುವವಳಾಗಿ ಕಾಣತೊಡಗುತ್ತಿದ್ದೆ. ಬರೆಯುವವರ ಕೈ ಎಷ್ಟು ಬೇಗ ತನ್ನ ಕಡೆಗೇ ವಾಲುತ್ತದೆ ಎಂಬುದು ನನಗೆ ಈ ವಾರ ತಿಳಿಯಿತು. ಅದಕ್ಕೇ ಈ ಸಲ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ. ಇನ್ನು ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ಓದುವವಳು ನೀನೊಬ್ಬಳೇ ಆಗಿರಲಾರೆ.

ನಾನು ವಿಮಲಾ. ಭಟ್ಕಳದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಮದುವೆಯಾಗಲಿಲ್ಲ, ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ತಮ್ಮ ಗಜಾನನನ ಮನೆಯಲ್ಲೇ ಇದ್ದೇನೆ. ಅವನಿಗೆ ಬೋಟಿನ ಇಂಜಿನ್ ರಿಪೇರಿಯ ಕೆಲಸ. ಉಷಾ ಅವನ ಮೊದಲ ಹೆಂಡತಿ, ನನ್ನ ಕಾಲೇಜಿನ ದಿನಗಳ ಗೆಳತಿ. ಆ ಸಂಬಂಧ ಕೂಡಿಸಿದವಳೂ ನಾನೇ. ಮಾನಸಾ ಅವರ ಮಗಳು.

ಮಾನಸಾಳಿಗೆ ಆರು ತುಂಬಿದಾಗ ಭಟ್ಕಳದಲ್ಲಿ ದುಬೈ ಸಾಮಾನು ಮಾರುವ ಇರ್ಷಾದರ ಅಂಗಡಿಯಿಂದ ಒಂದು ಆಟದ ಡಬ್ಬಿ ತಂದಿದ್ದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರು. ಮನೆಯಲ್ಲಿ ನಾವು ಬಂದರಾಟ ಎಂದೆವು. ಆರು ಮೂಲೆಯ ರಟ್ಟಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಸಮುದ್ರವಾಗುತ್ತದೆ. ದಾಳ ಹಾಕಿ ಮರದ ಪುಟ್ಟ ದೋಣಿಗಳನ್ನು ಬಂದರಿನಿಂದ ಬಂದರಿಗೆ ನಡೆಸುವುದು, ಸರಕು ಇಳಿಸುವುದು, ನಡುವೆ ಇಸ್ಪೀಟಿನಂಥ ಎಲೆಗಳಲ್ಲಿ ಬಿರುಗಾಳಿಯದು ಬಂದರೆ ಹೆದರುವುದು. ನಾಲ್ಕೇ ಬಣ್ಣ, ನಾಲ್ಕೇ ಜನ. ಗಜಾನನನಿಗೆ ಕೆಂಪು, ಮಾನಸಾಳಿಗೆ ಹಳದಿ, ನನಗೆ ನೀಲಿ, ಉಷಾಳಿಗೆ ಹಸಿರು. ಭಾನುವಾರ ಮೀನೂಟ ಮುಗಿದು ತಟ್ಟೆ ಎತ್ತಿದ ಕೂಡಲೇ ಚಾಪೆ ಹಾಸುತ್ತಿದ್ದೆವು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು; ಓದಿ ಹೇಳುವವಳು ನಾನು. ತಕರಾರು ಬಂದರೆ ತೀರ್ಮಾನ ಕೊಡುವವಳೂ ನಾನು. ಆ ಮನೆಯಲ್ಲಿ ಬೇರೆ ಯಾವುದಕ್ಕೂ ನನ್ನ ಮಾತೇ ಕೊನೆಯಾಗಿರಲಿಲ್ಲ — ಇದಕ್ಕೆ ಮಾತ್ರ ಆಗಿತ್ತು.

ಉಷಾ ಒಂದು ಜ್ವರದಲ್ಲಿ ಹೋದಳು, ಮೂರೇ ವಾರದಲ್ಲಿ. ಹಸಿರು ದೋಣಿಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಬ್ಬಿಯ ತಳದಲ್ಲಿಟ್ಟೆವು. ಮೂವರೇ ಆಡಿದೆವು. ಎರಡು ವರ್ಷದ ಮೇಲೆ ನೀನು ತದಡಿಯಿಂದ ಗಜಾನನನ ಕೈ ಹಿಡಿದು ಬಂದೆ.

ನಿನಗೆ ಆಗ ಮೂವತ್ತೊಂದು. ಹತ್ತನೆಯ ತರಗತಿ ಮುಗಿಸಿ, ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳುತ್ತ, ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದವಳು. ಟೀಚರ್ ಆಗಬೇಕೆಂದು ಆಸೆ. ಅದಕ್ಕೆ ಪಿಯುಸಿ ಬೇಕು ಎಂದು ಬಂದ ಮೊದಲ ತಿಂಗಳಲ್ಲೇ ನನ್ನ ಹತ್ತಿರ ಹೇಳಿದ್ದೆ. ನಾನು ಕಾಲೇಜಿನಿಂದ ಇತಿಹಾಸ, ಕನ್ನಡ, ಇಂಗ್ಲಿಷ್ — ಮೂರು ಪುಸ್ತಕ ತಂದುಕೊಟ್ಟೆ. ಮಧ್ಯಾಹ್ನ ನೀನು ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ಶಬ್ದಶಬ್ದಕ್ಕೂ ಬೆರಳಿಟ್ಟು ಓದುತ್ತಿದ್ದೆ. ಆ ದಿನಗಳಲ್ಲಿ ನನಗೆ ನಿನ್ನ ಮೇಲೆ ಏನೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಉಷಾಳ ಜಾಗಕ್ಕೆ ಬಂದವಳೆಂದು ಮೊದಲಿನಿಂದಲೂ ನಿನ್ನನ್ನು ಸಹಿಸಲಾರದೇ ಹೋದೆ ಎಂದರೆ ಕೇಳುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಬರಬಹುದು. ಅದು ನಿಜವಲ್ಲ.

ಭಾನುವಾರ ನಾವು ಆಡುವಾಗ ನೀನು ದೂರದಲ್ಲಿ ಕುಳಿತು ನೋಡುತ್ತಿದ್ದೆ. ಗಜಾನನ ಒಂದು ದಿನ ಹಸಿರು ಚೀಲ ತೆಗೆದ. ಮಾನಸಾಳ ಮುಖ ನೋಡಿ ನೀನೇ ಹೇಳಿದೆ: “ಅದು ಬೇಡ. ಅದು ಉಷಾ ಅಕ್ಕಂದು. ಬೇರೆ ಬಣ್ಣ ಇಲ್ವಾ?”

ಇರಲಿಲ್ಲ. ಆದರೆ ನೀನು ಬಿಡಲಿಲ್ಲ. ಮರುವಾರ ಡಬ್ಬಿಯೊಳಗಿನ ನಿಯಮದ ಪುಸ್ತಕ ತೆಗೆದುಕೊಂಡು ಹೋದೆ. ನಾಲ್ಕು ದಿನ ಇಟ್ಟುಕೊಂಡು ಓದಿ, ಐದು-ಆರು ಜನ ಆಡುವವರಿಗೆ ಬೇರೆ ಡಬ್ಬಿ ಬರುತ್ತದೆಂದೂ ಅದರಲ್ಲಿ ಬಿಳಿ ಮತ್ತು ಕಂದು ದೋಣಿಗಳಿರುತ್ತವೆಂದೂ ಪತ್ತೆ ಮಾಡಿದೆ. ಅಷ್ಟಕ್ಕೇ ನಿಂತಿದ್ದರೆ! ಭಾನುವಾರ ಎಲ್ಲರೂ ಕುಳಿತಿದ್ದಾಗ ಪುಸ್ತಕದ ನಡುವಿನ ಒಂದು ಪುಟ ತೆರೆದು, ಬಹಳ ಮೆಲ್ಲಗೆ ಕೇಳಿದೆ: “ಅಕ್ಕಾ, ಬಿರುಗಾಳಿ ಬಂದ್ರೆ ದೀಪಸ್ತಂಭದ ಹತ್ರ ಇದ್ದ ದೋಣಿ ವಾಪಸ್ ಹೋಗೂದಿಲ್ಲ ಅಂತ ಬರೆದದಲ್ಲಾ. ನೀವು ಎಲ್ಲಾ ದೋಣೀನೂ ಕಳಿಸ್ತ್ರಿ ಎಂತಕೆ?”

ನಾನು ಪುಸ್ತಕ ತೆಗೆದುಕೊಂಡು ಓದಿದೆ. ನೀನು ಹೇಳಿದ್ದೇ ಸರಿ. ನಾನು ಒಂದು ವಾಕ್ಯವನ್ನು ಮೊದಲ ದಿನವೇ ತಪ್ಪಾಗಿ ಓದಿದ್ದೆ. ಆರು ವರ್ಷ ನಾವೆಲ್ಲ ತಪ್ಪು ಆಟ ಆಡಿದ್ದೆವು.

ಗಜಾನನ ಹೊಟ್ಟೆ ಹಿಡಿದು ನಕ್ಕ. “ಲೈಬ್ರರಿಯವಳು ಸಿಕ್ಕಿಬಿದ್ಲು ನೋಡು. ಹಂಗಾರೆ ಉಷಾ ಎಷ್ಟು ಆಟ ಸುಮ್ನೆ ಸೋತಳೋ ಏನೋ.”

ಮಾನಸಾ ನಕ್ಕಳು. ನಾನೂ ನಕ್ಕೆ. ನೀನು ಮಾತ್ರ ನಗಲಿಲ್ಲ, ಹೇಳಬಾರದಿತ್ತೇನೋ ಎಂಬಂತೆ ನನ್ನನ್ನೇ ನೋಡಿದೆ. ಆ ನೋಟ — ಅದರಲ್ಲಿ ಇದ್ದದ್ದು ಸಂಕೋಚ ಅಷ್ಟೇ, ಈಗ ಗೊತ್ತು. ಆಗ ನನಗೆ ಅದು ಕರುಣೆಯಂತೆ ಕಂಡಿತು. ಹತ್ತನೆಯ ತರಗತಿಯವಳು ನನಗೆ ಕರುಣೆ ತೋರಿಸುತ್ತಿದ್ದಾಳೆ ಎಂದು ಕಂಡಿತು.

ಇದೇ ಕಾರಣ. ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಹುಡುಕಿದೆ, ಸಿಗಲಿಲ್ಲ.

ಆ ಸಂಜೆ ನೀನು ಮಾನಸಾಳ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದುಕೊಟ್ಟೆ. ಮೇಲೆ ಆಟದ ಹೆಸರು, ಒಂದೊಂದು ಅಕ್ಷರವನ್ನೂ ಡಬ್ಬಿ ನೋಡಿ ಬರೆದದ್ದು. ಅದರ ಕೆಳಗೆ ‘ಐದು-ಆರು ಜನರ ಡಬ್ಬಿ’. ಎಲ್ಲಕ್ಕಿಂತ ಕೆಳಗೆ, ಇಂಗ್ಲಿಷಿನಲ್ಲಿ, ‘ಥರ್ಡ್ ಎಡಿಷನ್’ — ನಮ್ಮ ಡಬ್ಬಿಯ ತಳದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣಗೆ ಅಚ್ಚಾಗಿದ್ದ ಮಾತು. ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. “ಇದು ಮುಖ್ಯ ಅಂತ ಕಾಣ್ತದೆ ಅಕ್ಕಾ. ಹೊಸತು ಬೇರೆ ನಮೂನಿ ಇರಬಹುದು,” ಎಂದೆ.

ನಾನು ಎಷ್ಟು ವರ್ಷದಿಂದ ಪುಸ್ತಕಗಳ ಜೊತೆಗಿದ್ದೇನೆ. ಯಾವ ಆವೃತ್ತಿ ಎಂದು ಕೇಳದೇ ಒಂದು ಪಠ್ಯಪುಸ್ತಕ ತರಿಸುವವಳಲ್ಲ. ಮರುದಿನ ಕಾಲೇಜಿನಲ್ಲಿ ಬುತ್ತಿ ಬಿಚ್ಚುವ ಮೊದಲು ಕಂಪ್ಯೂಟರಿನಲ್ಲಿ ಆ ಆಟದ ಎಲ್ಲ ಆವೃತ್ತಿಗಳನ್ನೂ ನೋಡಿದೆ. ಮೂರನೆಯದರಲ್ಲಿ ಮರದ ದೋಣಿ; ನಾಲ್ಕನೆಯದರಲ್ಲಿ ಪ್ಲಾಸ್ಟಿಕ್ಕಿನದು, ದೊಡ್ಡದು. ಸಮುದ್ರದ ತುಂಡುಗಳ ಅಂಚನ್ನು ಬದಲಿಸಿದ್ದಾರೆ, ಹಳೆಯದಕ್ಕೆ ಸಿಕ್ಕುವುದಿಲ್ಲ. ಎಲೆಗಳ ಬೆನ್ನಿನ ಬಣ್ಣ ಬೇರೆ — ಕಲಸಿದರೆ ಯಾವುದು ಯಾವ ಡಬ್ಬಿಯದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಆಟವೇ ಕೆಡುತ್ತದೆ. ಒಂದು ಆವೃತ್ತಿಯ ಆಟಕ್ಕೆ ಇನ್ನೊಂದರ ಹೆಚ್ಚುವರಿ ಡಬ್ಬಿ ಸೇರಿಸಬೇಡಿ ಎಂದು ಜನ ಮತ್ತೆ ಮತ್ತೆ ಬರೆದಿದ್ದರು. ನೀನು ಊಹಿಸಿದ್ದು ಅಷ್ಟೂ ನಿಜ ಎಂದು ಖಾತ್ರಿ ಮಾಡಿಕೊಂಡೇ ಇರ್ಷಾದರ ಅಂಗಡಿಗೆ ಹೋದೆ.

ಅವರು ದುಬೈಯಲ್ಲಿದ್ದ ತಮ್ಮನಿಗೆ ಫೋನ್ ಹಚ್ಚಿ ವಿಚಾರಿಸಿದರು. “ಮೇಡಂ, ಹಳೇದೂ ಅದೆ, ಹೊಸದೂ ಅದೆ. ಹಳೇದು ಒಂದೇ ಉಳಿದದಂತೆ. ಮನೇಲಿರೋದು ಮೂರನೇದಾ, ನಾಲ್ಕನೇದಾ?”

ಚೀಟಿ ನನ್ನ ಕೈಯಲ್ಲೇ ಇತ್ತು. ಮಡಿಚಿದೆ.

“ನಾಲ್ಕನೇದು.”

“ಪಕ್ಕಾ ಅಲ್ವಾ? ಒಂದಕ್ಕೊಂದು ಕೂಡೂದಿಲ್ಲ ಅಂತಾನೆ ಇವನು.”

“ಇರ್ಷಾದ್ ಭಾಯಿ, ನಾನು ಲೈಬ್ರರಿಯವಳು,” ಎಂದೆ.

ಅವರು ನಕ್ಕು, ಹಾಗೆಯೇ ಹೇಳಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ಏನೂ ಅನಿಸಲಿಲ್ಲ ಎಂದರೆ ಸುಳ್ಳು. ಹಗುರವಾಗಿತ್ತು. ಒಂದು ಸಣ್ಣ ಲೆಕ್ಕ ಸರಿಹೋದಂತೆ — ಹೌದು, ಹಾಗೆಯೇ.

ಡಬ್ಬಿ ಬರಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ನೀನು, ಮಾನಸಾಳಿಗೆ ಕೇಳಿಸದಂತೆ, ಬಿಳಿಯೋ ಕಂದೋ ಎಂದು ನನ್ನನ್ನು ಕೇಳುತ್ತಿದ್ದೆ. ಬಿಳಿ ಎಂದು ನೀನೇ ತೀರ್ಮಾನಿಸಿದೆ. ನಡುವೆ ಎಷ್ಟು ಬಾರಿ ಇರ್ಷಾದರಿಗೆ ಫೋನ್ ಮಾಡಲು ಹೊರಟೆನೋ. ಕಾಸರಕೋಡಿನಿಂದ ಭಟ್ಕಳಕ್ಕೆ ದಿನವೂ ಬಸ್ಸಿನಲ್ಲಿ ಅದೇ ಯೋಚನೆ: ಇವತ್ತು ಹೇಳಿಬಿಡುತ್ತೇನೆ, ತಪ್ಪಾಯಿತು, ಹಳೆಯದು ಕಳಿಸಿ... ಇಳಿಯುವಷ್ಟರಲ್ಲಿ ಆ ದೀಪಸ್ತಂಭ, ಆ ನಗು, ನಿನ್ನ ಆ ನೋಟ. ಫೋನ್ ಮತ್ತೆ ಪರ್ಸಿಗೆ.

ಆ ಭಾನುವಾರ ಡಬ್ಬಿಯನ್ನು ನೀನೇ ಬಿಚ್ಚಿದೆ. ದೋಣಿಗಳನ್ನು ಚಾಪೆಯ ಮೇಲಿಟ್ಟಾಗ ನಮ್ಮ ದೋಣಿಗಳ ಪಕ್ಕ ಅವು ದೊಡ್ಡ ಬಲೆಯ ಪರ್ಸಿನ್ ಬೋಟಿನಂತೆ ಕಂಡವು. ನೀನು ತುಂಡುಗಳನ್ನು ಸಿಕ್ಕಿಸಲು ನೋಡಿದೆ. ತಿರುಗಿಸಿದೆ, ಇನ್ನೊಂದು ಬದಿಯಿಂದ ನೋಡಿದೆ. ಎಲೆಗಳ ಬೆನ್ನು ನೋಡಿದೆ. ನಿನಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಡಬ್ಬಿಯ ತಳ ತಿರುಗಿಸಿ ಓದಿದೆ.

“ಇದು ನಾಲ್ಕನೇದು,” ಎಂದೆ.

“ಹೌದಾ? ಎಂತ ಆತು ಮತ್ತೆ?” ಗಜಾನನ ನನ್ನನ್ನು ಕೇಳಿದ. “ಚೀಟಿ ಕೊಟ್ಟಿದ್ಳಲ್ಲ?”

ನಾನು ಹೇಳಿದೆ — ಇಷ್ಟು ವರ್ಷದಲ್ಲಿ ಒಂದಕ್ಷರವೂ ಮರೆತಿಲ್ಲ — “ಚೀಟಿಯಲ್ಲಿ ಹೆಸರಷ್ಟೇ ಇತ್ತು. ಯಾವ ಎಡಿಷನ್ ಅಂತ ಬರೆದೇ ಇರ್ಲಿಲ್ಲ. ನಾನೂ ನೋಡ್ಲಿಲ್ಲ, ಬರೆದಿರ್ತಾಳೆ ಅಂದ್ಕೊಂಡೆ.”

ನೀನು ಬಾಯಿ ತೆರೆದೆ. “ಕೆಳಗೆ ಬರೆದಿದ್ದೆ ಅಲ್ದಾ ಅಕ್ಕಾ...? ಗೆರೆ ಎಳೆದು...”

“ಇರ್ಲಿಲ್ಲ ಭಾರತಿ.”

“ಚೀಟಿ ಅದ್ಯಾ?”

“ಅಂಗಡಿಯಲ್ಲೇ ಬಿಟ್ಟು ಬಂದೆ.”

ನೀನು ವಾದಿಸುತ್ತೀಯ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧವಾಗಿಯೂ ಇದ್ದೆ. ನೀನು ನನ್ನ ಮುಖವನ್ನು ಒಂದು ಗಳಿಗೆ ನೋಡಿದೆ. ನಾನು ಕಣ್ಣು ತೆಗೆಯಲಿಲ್ಲ. ಆಮೇಲೆ ನಿನ್ನ ಮುಖದಲ್ಲಿ ಏನೋ ಒಂದು ಸಡಿಲಿತು. ನೀನು ನನ್ನನ್ನು ನಂಬಿದೆ, ನಿನ್ನ ನೆನಪನ್ನು ಬಿಟ್ಟುಕೊಟ್ಟೆ. ನಾನು ಕಣ್ಣಾರೆ ಕಂಡೆ ಅದನ್ನು.

“ಹಂಗಾರೆ ನಂದೇ ತಪ್ಪು,” ಎಂದೆ.

ಮಾನಸಾಳಿಗೆ ಆಗ ಹದಿಮೂರು. “ಇಷ್ಟೆಲ್ಲ ಓದಿ ಅದನ್ನೇ ಬಿಟ್ರಾ?” ಎಂದಳು. ಅವಳನ್ನು ನಾನು ದೂರುವುದಿಲ್ಲ. ಅವಳ ಕೈಗೆ ಆ ಮಾತು ಕೊಟ್ಟವಳು ನಾನು.

ಚೀಟಿಯನ್ನು ಮರುದಿನ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಹರಿದು ಬಿಸಾಡಿದೆ. ವಿಷಯ ತಿಳಿದ ಇರ್ಷಾದರು ಆ ವಾರವೇ ಹೇಳಿದರು, ಹಳೆಯದು ಇನ್ನೂ ಹೋಗಿಲ್ಲ, ಬದಲಿಸಿ ತರಿಸುತ್ತೇನೆ ಎಂದು. ಬೇಡ, ಹುಡುಗಿಗೆ ಆಟದ ಹುಚ್ಚು ಬಿಟ್ಟಿದೆ ಎಂದೆ. ಮನೆಯಲ್ಲಿ, ಹಳೆಯದು ಎಲ್ಲೂ ಸಿಗುವುದಿಲ್ಲವಂತೆ ಎಂದೆ. ಮೊದಲಿನ ಸುಳ್ಳುಗಳನ್ನು ಸಿಟ್ಟಿನಲ್ಲಿ ಹೇಳಿದೆನೆಂದು ಬೇಕಾದರೆ ತಿಳಿಯಬಹುದು. ಈ ಎರಡನ್ನು ತಣ್ಣಗೆ ಹೇಳಿದೆ.

ಇದಿಷ್ಟೇ ಆಗಿದ್ದರೆ ಆಟದ ವಿಷಯ ಆಟಕ್ಕೇ ಮುಗಿಯುತ್ತಿತ್ತೇನೋ. ಹದಿನೈದು ದಿನದ ಮೇಲೆ ನೀನು ಮೂರೂ ಪುಸ್ತಕಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೋಣೆಗೆ ತಂದೆ. ನಾನು ಇಸ್ತ್ರಿ ಹಾಕುತ್ತಿದ್ದೆ.

“ಇವು ತಗಂಡು ಹೋಗಿ ಅಕ್ಕಾ. ಓದೂದು ನನ್ನಿಂದ ಆಗೂದಲ್ಲ. ಒಂದು ಚೀಟಿ ನೆಟ್ಟಗೆ ಬರೆಯೂಕೆ ಬರ್ಲಿಲ್ಲ, ಪರೀಕ್ಷೆ ಎಂತ ಬರೆಯೂದು. ಬರೆದಿದ್ದೆ ಅಂತ್ಲೇ ಈಗ್ಲೂ ಅನಿಸ್ತದೆ ನಂಗೆ. ಹಂಗೆ ಅನಿಸೂದೇ ಹೆದರಿಕೆ.”

ಇಸ್ತ್ರಿಪೆಟ್ಟಿಗೆ ಕೈಯಲ್ಲಿತ್ತು. ಹೇಳಲು ಒಂದು ವಾಕ್ಯ ಸಾಕಿತ್ತು — ನೀನು ಬರೆದಿದ್ದೆ. ಬಾಯಿಯವರೆಗೆ ಬಂತು. ನಾನು ಹೇಳಿದ್ದು: “ಅಲ್ಲಿ ಇಡು.”

ಪುಸ್ತಕಗಳನ್ನು ಕಾಲೇಜಿಗೆ ಒಯ್ದು ಕಪಾಟಿನಲ್ಲಿ ಅವುಗಳ ಜಾಗದಲ್ಲೇ ಇಟ್ಟೆ.

ಆಮೇಲೆ ನೀನು ಈ ಮನೆಯಲ್ಲಿ ಒಂದು ಕಾಗದವನ್ನೂ ಒಬ್ಬಳೇ ಬರೆಯಲಿಲ್ಲ. ಮಾನಸಾಳ ಶಾಲೆಯ ಫಾರ್ಮು, ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಅರ್ಜಿ, ಕಡೆಗೆ ಕಿರಾಣಿ ಪಟ್ಟಿ ಕೂಡ. “ಅಕ್ಕಾ, ಒಂದು ಸಲ ನೋಡಿಕೊಡಿ, ನಾ ಏನಾದ್ರೂ ಬಿಟ್ಟಿರ್ತೆ.” ನಾನು ನೋಡಿಕೊಡುತ್ತಿದ್ದೆ. ಒಮ್ಮೆಯೂ ನೀನು ಏನೂ ಬಿಟ್ಟಿರುತ್ತಿರಲಿಲ್ಲ. ಮನೆಯಲ್ಲಿ ಯಾರು ಏನು ಮರೆತರೂ ಅದಕ್ಕೊಂದು ಹೆಸರು ಬಿತ್ತು — ‘ಭಾರತಿ ಚೀಟಿ’. ಗಜಾನನ ಸ್ಪ್ಯಾನರ್ ಮರೆತು ಬಂದರೆ, ಇವತ್ತು ನಂದೂ ಭಾರತಿ ಚೀಟಿ ಆತು ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನೀನೂ. ನಾನು ಆ ನಗುವಿನ ನಡುವೆ ಅನ್ನ ಕಲಸುತ್ತ ಕೂರುತ್ತಿದ್ದೆ. ಕೆಲವು ತಿಂಗಳಲ್ಲಿ ಬಂದರಾಟವೂ ನಿಂತಿತು. ಯಾರೂ ಯಾಕೆಂದು ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಒಬ್ಬೊಬ್ಬರು ಒಂದೊಂದು ಕಡೆ ಫೋನ್ ಹಿಡಿದು ಮಲಗತೊಡಗಿದೆವು.

ಈ ವರ್ಷ ನಮ್ಮ ವಾರ್ಡಿನ ಅಂಗನವಾಡಿಗೆ ಟೀಚರ್ ಬೇಕೆಂಬ ಪ್ರಕಟಣೆ ಬಂತು. ಮನೆಯಿಂದ ನಾಲ್ಕು ಹೆಜ್ಜೆ. ಅದರ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ನೀನು ಓದಿ ಬಂದು, ಏನೂ ಆಗದವಳಂತೆ ಬಂಗಡೆ ಮೀನು ಕೊಯ್ಯತೊಡಗಿದೆ. “ಪಿಯುಸಿ ಇಲ್ಲ, ಮುಂದಿನ ಸಲಕ್ಕೆ ವಯಸ್ಸೂ ದಾಟ್ತದೆ,” ಎಂದೆ. “ಹೋಗ್ಲಿ. ನಮ್ಮ ಕೈಲಿ ಆಗೂದಲ್ಲ ಅದು.”

ಎರಡು ಪರೀಕ್ಷೆ ಬರೆಯುವಷ್ಟು ಸಮಯವಿತ್ತು ನಿನಗೆ. ಆ ಹುದ್ದೆ ಸಿಗುತ್ತಲೇ ಇತ್ತೆಂದು ನಾನು ಹೇಳಲಾರೆ. ನೀನು ಅರ್ಜಿಯನ್ನಾದರೂ ಹಾಕುತ್ತಿದ್ದೆ.

ಆ ದಿನದಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಲೈಬ್ರರಿಯಲ್ಲಿ ಒಂದೇ ಕಪಾಟನ್ನು ಎರಡೆರಡು ಸಲ ಜೋಡಿಸಿದೆ. ಹುಡುಗಿಯೊಬ್ಬಳು ಯಾವುದೋ ಪುಸ್ತಕದ ಹೊಸ ಆವೃತ್ತಿ ಇದೆಯೇ ಎಂದು ಕೇಳಿದ್ದಕ್ಕೆ ಸುಮ್ಮನೆ ಗದರಿಸಿ ಕಳಿಸಿದೆ. ನಿನ್ನ ಅಮ್ಮನ ಪಿಂಚಣಿಯ ಅರ್ಜಿಗೆಂದು ನಾವಿಬ್ಬರೂ ಕುಮಟೆಗೆ ಹೋದ ದಿನ, ಕಚೇರಿಯಲ್ಲಿ ಗುಮಾಸ್ತರು ನಿನ್ನ ಮುಂದೆ ಫಾರ್ಮು ಇಟ್ಟರು. ನೀನು ಪೆನ್ನನ್ನು ಮುಟ್ಟದೇ, ಕಾಗದವನ್ನು ನನ್ನ ಕಡೆ ಸರಿಸಿದೆ. “ಇವ್ರು ಬರೀತ್ರು. ನಂಗೆ ಬರೂದಿಲ್ಲ,” ಎಂದೆ ಅವರಿಗೆ. ಬರೂದಿಲ್ಲ ಎಂದೆ, ಭಾರತಿ. ನಾಲ್ಕು ದಿನದಲ್ಲಿ ಒಂದು ಇಂಗ್ಲಿಷ್ ಪುಸ್ತಕ ಓದಿ ನನ್ನ ತಪ್ಪು ಹಿಡಿದವಳು.

ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ನದಿ ದಾಟಿ ತದಡಿ ಬಂದರಿನ ದಕ್ಕೆಯಲ್ಲಿ ಇಳಿದೆವು. ನಿನ್ನ ಅಮ್ಮನ ಮನೆಗೆ ಹೋಗುವ ಮೊದಲು, ಬಲೆ ಒಣಗಿಸಿದ ಜಾಗದಲ್ಲಿ ನಿನ್ನನ್ನು ನಿಲ್ಲಿಸಿ ಹೇಳಿದೆ. ಎಲ್ಲವನ್ನೂ ಹೇಳಿದೆ. ದೀಪಸ್ತಂಭ, ಇರ್ಷಾದ್, ಪರ್ಸಿನಲ್ಲಿದ್ದ ಚೀಟಿ, ಬದಲಿಸಿಕೊಡುತ್ತೇನೆಂದದ್ದು. ನೀನು ಅಳಲಿಲ್ಲ, ಬಯ್ಯಲಿಲ್ಲ. ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡೆ. ಒಂದೇ ಪ್ರಶ್ನೆ ಕೇಳಿದೆ.

“ಪುಸ್ತಕ ವಾಪಸ್ ಕೊಟ್ಟ ದಿವಸ... ನಾ ಎಂತ ಹೇಳ್ದೆ ಅಂತ ನಿಮ್ಗೆ ನೆನಪದ್ಯಾ?”

“ಅದೆ.”

“ಅದನ್ನ ಕೇಳೂ ಸುಮ್ನಿದ್ರಿ.”

“ಹೌದು.”

ನೀನು ತಲೆ ಅಲ್ಲಾಡಿಸಿದೆ. ಕ್ಷಮಿಸು ಎಂದು ಕೇಳಲು ನಾನು ಬಾಯಿ ತೆರೆದಾಗ ಕೈ ಎತ್ತಿ ತಡೆದೆ. “ಅದೆಲ್ಲ ಈಗ ಬೇಡ. ಇವ್ರಿಗೂ ಮಾನಸಾಗೂ ನಾ ಹೇಳೂದಿಲ್ಲ. ನಾ ಹೇಳಿದ್ರೆ ನನ್ನ ಪರವಾಗಿ ಹೇಳ್ದಂಗಾಗ್ತದೆ. ನೀವೇ ಬರೆದು ಕೊಡಿ. ಹೊರಗಿನವರು ಓದಿದ್ರೂ ತಿಳಿಯೂ ಹಂಗೆ.” ಅಷ್ಟು ಹೇಳಿ, ನನ್ನ ಕೈಯಿಂದ ಅಮ್ಮನ ಕಾಗದಗಳನ್ನು ತೆಗೆದುಕೊಂಡು ಹೊರಟುಹೋದೆ. ನಾನು ಅದೇ ದೋಣಿಯಲ್ಲಿ ತಿರುಗಿ ಬಂದೆ. ಅಮ್ಮನಿಗೆ ಹುಷಾರಿಲ್ಲ, ಅಲ್ಲೇ ಉಳಿದಿದ್ದಾಳೆ ಎಂದು ಗಜಾನನನಿಗೆ ಹೇಳಿದೆ — ಅದೂ ಸುಳ್ಳೇ.

ಒಂಬತ್ತು ದಿನಕ್ಕೆ ನೀನು ಬಂದೆ. ನನ್ನ ತಟ್ಟೆಗೆ ಬಡಿಸುತ್ತೀಯ, ಬೇಕಾದಷ್ಟು ಮಾತಾಡುತ್ತೀಯ. ಮೊನ್ನೆ ಒಂದು ದಿನ ಹೊನ್ನಾವರಕ್ಕೆ ಹೋಗಿ ಪಿಯುಸಿಗೆ ಖಾಸಗಿಯಾಗಿ ಕಟ್ಟುವ ಫಾರ್ಮು ತಂದು, ತುಂಬಿ, ಕೊಟ್ಟು ಬಂದದ್ದನ್ನು ಮಾನಸಾ ನನಗೆ ಹೇಳಿದಳು. ನನಗೆ ತೋರಿಸಲಿಲ್ಲ ನೀನು. ನಾನೇ ಅಡುಗೆಮನೆಗೆ ಬಂದು ಕೇಳಿದೆ, ಪುಸ್ತಕ ತರಲೇ ಎಂದು.

“ಬೇಡ ಅಕ್ಕಾ. ಹೊನ್ನಾವರದ ಲೈಬ್ರರಿಗೆ ಮೆಂಬರ್ ಆಯ್ದೆ,” ಎಂದೆ. ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಈ ಓದಿನಿಂದ ಆ ಕೆಲಸ ಬರುವುದಿಲ್ಲ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹೋದ ವರ್ಷಗಳನ್ನು ತಿರುಗಿ ಕೊಡುವ ಉಪಾಯ ನನ್ನ ಹತ್ತಿರವಿಲ್ಲ. ಇದೆ ಎಂದು ನಟಿಸುವುದೂ ಇಲ್ಲ.

ನಾಳೆ ಭಾನುವಾರ. ಗಜಾನನ, ಮಾನಸಾ ಇಬ್ಬರೂ ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ, ಸರಿಯಾಗಿದೆ ಎಂದರೆ, ಊಟವಾದ ಮೇಲೆ ನಾನೇ ಅವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ನೀನು ಅಲ್ಲಿರಬೇಕೆಂದಿಲ್ಲ. ಓದಿ ಮುಗಿಸಿದ ಮೇಲೆ ಅವರು ನನ್ನ ಮುಖ ನೋಡುತ್ತಾರೆ, ಏನಾದರೂ ಕೇಳುತ್ತಾರೆ. ಗಜಾನನ ಕೂಗಾಡಬಹುದು. ಮಾನಸಾ ಏನೂ ಅನ್ನದೇ ಇರಬಹುದು, ಅದಕ್ಕೇ ನನಗೆ ಹೆಚ್ಚು ಭಯ. ಏನೇ ಆದರೂ, ಅವರು ಕೇಳಿ ಮುಗಿಸುವವರೆಗೆ ನಾನು ಎದ್ದು ಹೋಗುವುದಿಲ್ಲ.